ಸತ್ತವನ ಹೊಸ ಫೋನ್

"ಈ ಹಾರ ಹಾಕಿದ ಗಂಡಸು ಯಾರಂತ ಮೊದಲ ಹೇಳ್ರಿ. ಆಮ್ಯಾಲ ಚಹಾ ಕುಡಿಸ್ರಿ."

ಬಸವಕಲ್ಯಾಣದ ಝಿವಾರೋ ಮೊಬೈಲ್ ಶೋರೂಮಿನ ಕೌಂಟರಿನ ಮೇಲೆ ತುಳಜಾಬಾಯಿ ಫೋನನ್ನು ಟಪ್ಪೆಂದು ಇಟ್ಟ ರಭಸಕ್ಕೆ ಒಳಗಿದ್ದ ಗಿರಾಕಿಗಳೆಲ್ಲ ತಿರುಗಿ ನೋಡಿದರು. ಮುಡಬಿಯ ಕಡೆ ಕುರಿ ಕಾಯುವ ಹೆಂಗಸು. ಕಚ್ಚೆ ಸೀರೆ, ಹಣೆ ತುಂಬ ಕುಂಕುಮ, ಕಾಲಿನಲ್ಲಿ ಅಡವಿಯ ಧೂಳು. ಅವಳ ಬೆನ್ನ ಹಿಂದಿನ ಗಾಜಿನ ಮೇಲೆ ಅವಳದೇ ಆಳೆತ್ತರದ ಚಿತ್ರವಿತ್ತು. ಕೈಯಲ್ಲಿ ಹೊಸ ಫೋನು, ಮುಖದಲ್ಲಿ ಯಾರೋ ಹೇಳಿ ಮಾಡಿಸಿದ ನಗು. ಕೆಳಗೆ ದಪ್ಪಕ್ಷರದಲ್ಲಿ, 'ಕಲ್ಯಾಣ ಬದಲಾಯಿತು. ನೀವು?'

ಚಿತ್ರದ ಬಾಯಿ ನಗುತ್ತಿತ್ತು. ನಿಜವಾದ ಬಾಯಿ ಬೈಯುತ್ತಿತ್ತು.

"ಮೊದಲ ಒಂದು ಸಾಲಿ ಪೋರಿ ಫೋಟೋ ಬಂತು. ಸುಮ್ಮನಾದೆ. ಆಮ್ಯಾಲ ಯಾರದೋ ಮನಿ, ಯಾರದೋ ಅಂಗಳ. ನಿನ್ನಿ ಸತ್ತವನ ಫೋಟೋ ಬಂದದ, ಊದಿನಕಡ್ಡಿ ಸಮೇತ. ನಾ ತಗೊಂಡಿದ್ದು ಹೊಸಾ ಫೋನೋ, ಯಾರದರ ದಿವಸದ ಮನಿಯೋ?"

ಮಾಲೀಕ ಶಂಕರಲಿಂಗ ಅತ್ತಿತ್ತ ನೋಡಿ ಹಲ್ಲು ಕಿರಿದ. "ತುಳಜಾಬಾಯಿ, ನೀವ ಏನೋ ಒತ್ತಬಾರದ್ದು ಒತ್ತೀರಿ. ಕುರಿ ಕಾಯೋ ಕೈಗಿ ಇಷ್ಟು ಛಲೋ ಮಾಲು ಕೊಟ್ಟದ್ದೇ ನಂದು ತಪ್ಪು."

"ನನ್ನ ಹಳೇ ಫೋನ್ ಎಮ್ಮಿ ತುಳದರೂ ಮಾತಾಡ್ತಿತ್ತು. ಅದರ ಜಮಾನಾ ಮುಗೀತು, ಬದಲಿ ಮಾಡದಿದ್ರ ನಾಳಿಂದ ಬ್ಯಾಂಕಿನ ಸುದ್ದಿ ಬರೂದುಲ್ಲ ಅಂತ ಹೆದರಿಸಿದವರು ಯಾರು? ನನ್ನ ಕೈ ಏನು?"

ಡಿಸ್‌ಪ್ಲೇ ಕಪಾಟಿಗೆ ಬೆನ್ನು ಕೊಟ್ಟು ನಿಂತಿದ್ದ ಜಯಮಾಲಾ ಮುಂದೆ ಬಂದಳು. ಹುಮನಾಬಾದಿನಲ್ಲಿ ವಕೀಲಿಕೆ ಬಿಟ್ಟು, ವಿಮಾ ಕಂಪನಿಗಳಿಗಾಗಿ ಅನುಮಾನದ ಸಾವುಗಳ ಜಾಡು ಹಿಡಿಯುವುದನ್ನೇ ಕಸುಬು ಮಾಡಿಕೊಂಡವಳು. ಬೆಳಗಿನಿಂದ ಶಂಕರಲಿಂಗನಿಂದ ಅವಳಿಗೆ ಸಿಕ್ಕದ್ದು ಎರಡು ಕಪ್ ಸಿಹಿ ಚಹಾ ಮತ್ತು ಸಿಹಿ ಸುಳ್ಳುಗಳು. ಝಿವಾರೋ ಕಂಪನಿಯ ಆಡಿಟರ್ ದತ್ತಾತ್ರಿ ಹುಮನಾಬಾದಿನ ಗೋದಾಮಿನಲ್ಲಿ, ಮೆಟ್ಟಿಲ ಬುಡದಲ್ಲಿ ಹೆಣವಾಗಿ ಸಿಕ್ಕಿ ಎರಡು ವಾರದ ಮೇಲಾಗಿತ್ತು. ಅವನ ಫೋನು ಮಾತ್ರ ಎಲ್ಲೂ ಸಿಕ್ಕಿರಲಿಲ್ಲ.

ಅವಳು ಪರದೆಯನ್ನು ನೋಡಿದಳು. ಚೌಕಟ್ಟಿನ ಫೋಟೋ, ಅದಕ್ಕೆ ಚೆಂಡುಹೂವಿನ ಹಾರ. ದುಂಡು ಮುಖ, ಎಡ ಹುಬ್ಬನ್ನು ಸೀಳಿದ ಗಾಯದ ಗುರುತು.

ಈ ಹುಬ್ಬನ್ನು ಅವಳು ಶವಾಗಾರದಲ್ಲಿ ನೋಡಿದ್ದಳು.

"ಬಾಯಾರ, ಈ ಫೋನ್ ಜರಾ ನನ್ನ ಕೈಯಾಗ ಕೊಡ್ತೀರಿ ಏನು?" ಎಂದಳು ಮೆಲ್ಲಗೆ.

"ನೀವು ಕಂಪನಿಯವರೇನು?"

"ಅಲ್ಲ."

"ಹಂಗಿದ್ರ ತಗೋರಿ."

ಶಂಕರಲಿಂಗ ಕೌಂಟರಿನ ಆಚೆಯಿಂದ ಕೈ ಚಾಚಿದ. "ಮ್ಯಾಡಮ್ಮಾರ, ಅದು ವಾರಂಟಿ ಮಾಲು. ಕೊಡ್ರಿ, ನಾ ಇಲ್ಲೇ ಬದಲಿ ಮಾಡಿ ಕೊಡ್ತೀನಿ. ಗಿರಾಕಿ ಖುಷಿ, ನಾವೂ ಖುಷಿ."

ಈ ಮನುಷ್ಯ ಖುಷಿ ಎಂಬ ಮಾತನ್ನು ಅಂಗಡಿಯ ಬೋರ್ಡಿನಂತೆ ಕೊರಳಿಗೆ ಕಟ್ಟಿಕೊಂಡೇ ಹುಟ್ಟಿರಬೇಕು ಎಂದುಕೊಂಡಳು ಜಯಮಾಲಾ. ಅವಳು ಫೋನನ್ನು ತನ್ನ ವ್ಯಾನಿಟಿ ಬ್ಯಾಗಿಗೆ ಇಳಿಬಿಟ್ಟು ಝಿಪ್ ಎಳೆದಳು.

"ಹೊಸಾ ಮಾಲಿನಾಗ ಸತ್ತವನ ಫೋಟೋ ಹ್ಯಾಂಗ ಬಂತು, ಸಾವಕಾರ್ರ?"

"ಇಂಟರ್‌ನೆಟ್ ರೀ ಅದು. ಅದರಾಗ ಏನೇನೋ ಬರ್ತದ." ಹೀಗೆಂದವನೇ ಯಾರಿಗೋ ಫೋನ್ ಮಾಡುವ ನೆಪದಲ್ಲಿ ಹಿಂದಿನ ಕೋಣೆಗೆ ನುಸುಳಿದ. ಸ್ವಲ್ಪ ಹೊತ್ತಿಗೆ ಹಿತ್ತಿಲಿನಿಂದ ಕಾರು ಹೊರಟ ಸದ್ದು ಕೇಳಿಸಿತು.

ಗಿರಾಕಿಗಳು ಒಬ್ಬೊಬ್ಬರಾಗಿ ಜಾರಿದರು. ಅಂಗಡಿಯ ಕಡೆಯವಳಾಗಿ ಉಳಿದವಳು ಕಾಜಲ, ಫೋನುಗಳನ್ನು ಗಿರಾಕಿಗಳಿಗೆ ಜೋಡಿಸಿ ಕೊಡುವ ಹುಡುಗಿ. ಝಿವಾರೋ ಅಂಗಿ ಹಾಕಿಕೊಂಡು ದಿನವಿಡೀ ನಗುವುದು ಅವಳ ನೌಕರಿ. ಈಗ ಆ ನಗು ಇಳಿದುಹೋಗಿತ್ತು.

"ಕಾಜಲ, ನೀ ನನಗ ಸುಳ್ಳು ಹೇಳಬ್ಯಾಡ," ಎಂದಳು ಜಯಮಾಲಾ. "ನಿನ್ನ ಸಾವಕಾರ ನಿನ್ನ ಬಿಟ್ಟು ಓಡಿದ. ನೋಡಿದೆಲ್ಲ?"

ಕಾಜಲ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು.

"ಹಳೇವು ಅಕ್ಕಾರ. ಎಲ್ಲಾ ಹಳೇವು. ಮಂದಿ ಬದಲಿ ಕೊಟ್ಟ ಫೋನ್ ಹುಮನಾಬಾದ್ ಗೋದಾಮಿಗಿ ಹೋಗ್ತಾವ. ಅಲ್ಲಿ ಉಜ್ಜಿ, ಹೊಸಾ ಗಾಜು ಹಚ್ಚಿ, ಹೊಸಾ ಡಬ್ಬಿಗಿ ತುಂಬಿ ತಿರುಗಿ ಕಳಸ್ತಾರ. ಒಬ್ಬರು ಕೊಟ್ಟದ್ದು ಇನ್ನೊಬ್ಬರಿಗಿ ಹೊಸಾದು. ಎರಡೂ ಸಲ ಕಂಪನಿಗಿ ಅಪ್‌ಗ್ರೇಡ್ ಅಂತ ಲೆಕ್ಕ."

"ಈ ಫೋನು?"

"ಇದು ಸಾವಕಾರ್ರೇ ಗೋದಾಮಿಂದ ತಂದಿದ್ರು. ಲಾಕ್ ನಂಬರ್ರೂ ಹೇಳಿದ್ರು. ಪೂರಾ ಅಳಿಸಬೇಕಿತ್ರಿ. ಅವತ್ತು ನೆಟ್ ಸತ್ತಿತ್ತು, ಹೊರಗ ಪೋಸ್ಟರ್‌ದವರು ಕ್ಯಾಮೆರಾ ಹಿಡ್ಕೊಂಡು ನಿಂತಿದ್ರು. ಇವರ ಬೆರಳು ಸೇರಿಸಿ ಹಂಗೇ ಕೊಟ್ಟುಬಿಟ್ಟೆ. ಹಳೇ ಮಾಲೀಕನ ಖಾತೆ ಒಳಗೇ ಉಳಿದದ. ಅವರ ಮನ್ಯಾಗ ಅದೇ ಖಾತೆ ಇದ್ದ ಫೋನಿನ್ಯಾಗ ಯಾರರ ಫೋಟೋ ತಗದ್ರ ಇದರಾಗೂ ಬರ್ತದ."

ದತ್ತಾತ್ರಿಯ ಹೆಂಡತಿ ಗಂಡನ ಹಾರ ಹಾಕಿದ ಚಿತ್ರವನ್ನು ತನ್ನ ಫೋನಿನಲ್ಲಿ ತೆಗೆದುಕೊಂಡಿದ್ದಳು. ಅದು ಗಂಡನ ಫೋನನ್ನು ಹುಡುಕಿಕೊಂಡು ಮುಡಬಿಯ ಕುರಿಹಟ್ಟಿಗೆ ಬಂದಿತ್ತು.

"ಇವರ ಬೆರಳು ಸೇರಿಸಿದೆ ಅಂದೆಲ್ಲ. ಅದಕ್ಕೂ ಮೊದಲ ಅದರಾಗ ಯಾರ ಬೆರಳಿದ್ದವು?"

ಕಾಜಲ ಯೋಚಿಸಿದಳು. "ಎರಡಿದ್ದವು ಅಕ್ಕಾರ. ಇವರದು ಮೂರನೇದು."

ಒಂದು ದತ್ತಾತ್ರಿಯದು. ಮತ್ತೊಂದು?

ಜಯಮಾಲಾ ಕಾಜಲಳ ಭುಜ ಮುಟ್ಟಿದಳು. "ಬೆರಳಿನ ಮಾತು ಯಾರ ಮುಂದೂ ಆಡಬ್ಯಾಡ. ನಿಮ್ಮವ್ವನ ಮುಂದೂ ಬ್ಯಾಡ."

ಹೊರಗೆ ಬಂದಾಗ ಕೋಟೆಯ ಕಡೆಯಿಂದ ಬಿಸಿಗಾಳಿ ಬೀಸುತ್ತಿತ್ತು. ಬೇವಿನ ನೆರಳಲ್ಲಿ ಜೀಪು ನಿಲ್ಲಿಸಿಕೊಂಡು ಕಾಯುತ್ತಿದ್ದವನು ದತ್ತಾತ್ರಿಯ ತಮ್ಮ ಪಂಡರಿ. ಮಂಠಾಳದಲ್ಲಿ ಹೊಲ, ಆಡಿನ ವ್ಯಾಪಾರ. ಅಣ್ಣ ಜಾರಿ ಬಿದ್ದು ಸತ್ತ ಎಂಬ ಮಾತನ್ನು ನಂಬದೆ ಜಯಮಾಲಾಳ ಮನೆ ಬಾಗಿಲು ತಟ್ಟಿದವನು ಅವನೇ.

"ನಿಮ್ಮಣ್ಣನ ಫೋನ್ ಸಿಕ್ಕದ," ಎಂದಳು.

ಪಂಡರಿ ಸ್ಟೇರಿಂಗ್ ಹಿಡಿದ ಕೈ ಸಡಿಲಿಸಲಿಲ್ಲ. "ಖಾತ್ರಿ ಏನ್ರಿ, ಅಕ್ಕಾರ?"

"ಖಾತ್ರಿ. ಗೋದಾಮಿಗಿ ನಡೀರಿ. ಪೊಲೀಸರಿಗೂ ಹೇಳೀನಿ, ಬರಾಕತ್ತಾರ."

ತುಳಜಾಬಾಯಿ ಯಾರ ಅಪ್ಪಣೆಗೂ ಕಾಯದೆ ಹಿಂದಿನ ಸೀಟು ಹತ್ತಿದಳು. "ಫೋನ್ ಎಲ್ಲಿ ಹೋಗ್ತದೋ ನಾನೂ ಅಲ್ಲೇ. ಈ ಮಂದಿ ಬ್ಯಾಗಿನ್ಯಾಗ ಇದ್ದದ್ದೂ ಬದಲಿ ಮಾಡ್ತಾರ."

ಜೀಪು ರಾಜೇಶ್ವರ ಊರನ್ನು ದಾಟಿತು. ರಸ್ತೆಯ ಎರಡೂ ಬದಿಗೆ ತೊಗರಿ ಕೊಯ್ದ ಹೊಲಗಳು. ನಡುನಡುವೆ ಝಿವಾರೋ ಬೋರ್ಡುಗಳು. ಎಲ್ಲ ಬೋರ್ಡುಗಳಲ್ಲೂ ನಗುತ್ತಿದ್ದ ತುಳಜಾಬಾಯಿಯನ್ನು ಜೀಪಿನೊಳಗಿನ ತುಳಜಾಬಾಯಿ ಒಂದು ಸಲವೂ ತಿರುಗಿ ನೋಡಲಿಲ್ಲ.

ಪಂಡರಿಯೇ ಬಾಯಿಬಿಟ್ಟ. "ದೀಪಾವಳಿಗಿ ಬಂದಾಗ ನೋಡಿದ್ದೇ ಕಡೀ, ಅಕ್ಕಾರ. ಈ ಸಲ ಬಂದಾನ ಅಂಬೂದೇ ನನಗ ಗೊತ್ತಿರಲಿಲ್ಲ. ಹೆಣ ನೋಡಾಕ ಕರದಾಗಲೇ ತಿಳದದ್ದು. ಒಂದು ಫೋನರ ಮಾಡಬೇಕಿತ್ತು, ಮಾಡಲಿಲ್ಲ."

ಜಯಮಾಲಾ ಕಿಟಕಿಯಾಚೆ ನೋಡಿದಳು. ಹೆಣಗಳ ಹಿಂದೆ ತಿರುಗಿ ತಿರುಗಿ ಅವಳ ಮನಸ್ಸು ಗಟ್ಟಿಯಾಗಿತ್ತು. ಆದರೂ ಸತ್ತವರ ಮನೆಯವರು ಹೀಗೆ ಮಾತಾಡಿದಾಗ ಅವರ ಮುಖ ನೋಡಲು ಇಂದಿಗೂ ಅವಳಿಗೆ ಆಗುತ್ತಿರಲಿಲ್ಲ.

ಹುಮನಾಬಾದಿನ ಹೊರವಲಯದ ಗೋದಾಮಿನ ಮುಂದೆ ಶಂಕರಲಿಂಗನ ಬಿಳಿ ಕಾರು ಆಗಲೇ ನಿಂತಿತ್ತು. ಎಂಜಿನ್ನಿನ ಕಾವು ಇನ್ನೂ ಆರಿರಲಿಲ್ಲ.

"ನೀವ ಇಲ್ಲೇ ಬಾಗಿಲಾಗ ಇರ್ರಿ. ಯಾರೂ ಹೊರಗ ಹೋಗಬಾರ್ದು," ಎಂದು ಪಂಡರಿಗೆ ಹೇಳಿ ಜಯಮಾಲಾ ಒಳಗೆ ನಡೆದಳು. ಹಿಂದೆಯೇ ತುಳಜಾಬಾಯಿ.

ಒಳಗೆ ಗೋಣಿಚೀಲಗಳ ಸಾಲು. ಬಾಯಿ ತೆರೆದ ಒಂದು ಚೀಲದಲ್ಲಿ ಫೋನುಗಳು ಆಲೂಗಡ್ಡೆಯಂತೆ ಬಿದ್ದಿದ್ದವು. ಮದುವೆಯ ಸ್ಟಿಕ್ಕರ್ ಅಂಟಿಸಿದ್ದು, ಹಿಂಬದಿಗೆ ದೇವರ ಚಿತ್ರ ಇಟ್ಟುಕೊಂಡದ್ದು, ಮಗುವಿನ ಹಲ್ಲಿನ ಗುರುತಿದ್ದದ್ದು. ಆಚೆಯ ಮೇಜಿನ ಮೇಲೆ ಹೊಳೆಯುವ ಹೊಸ ಡಬ್ಬಿಗಳು. ನಡುವೆ ಬಿಸಿಗಾಳಿ ಊದುವ ಯಂತ್ರ, ಅಂಟು, ಉಜ್ಜುವ ಬಟ್ಟೆ.

ಈ ತುದಿಯಿಂದ ಆ ತುದಿಗೆ ನಡೆದು ಹೋಗುವಷ್ಟರಲ್ಲಿ ಹಳೆಯದು ಹೊಸದಾಗುತ್ತಿತ್ತು. ಇದಕ್ಕೆ ಕಂಪನಿಯವರು ಬೆಳವಣಿಗೆ ಎಂದು ಹೆಸರಿಟ್ಟಿದ್ದರು.

"ಬನ್ನಿ, ಕೂತ್ಕೊಳ್ಳಿ," ಎಂದಿತು ಒಂದು ತಣ್ಣನೆಯ ದನಿ.

ಸ್ನೇಹಲ್. ಝಿವಾರೋ ಕಂಪನಿಯ ಈ ಭಾಗದ ಮುಖ್ಯಸ್ಥೆ, ಪುಣೆಯಿಂದ ಬಂದವಳು. ಗಾಜಿನ ಕೋಣೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂತಿದ್ದಳು. ಹಿಂದಿನ ಗೋಡೆಯ ಮೇಲೆ ಏರುತ್ತಲೇ ಹೋಗುವ ಹಸಿರು ಗೆರೆಯ ದೊಡ್ಡ ನಕ್ಷೆ, ಗೆರೆಯ ತುದಿಯಲ್ಲಿ 'ಬಸವಕಲ್ಯಾಣ'. ಮೂಲೆಯ ಕುರ್ಚಿಯಲ್ಲಿ ಶಂಕರಲಿಂಗ ಬೆವರು ಒರೆಸಿಕೊಳ್ಳುತ್ತಿದ್ದ.

ಜಯಮಾಲಾ ಕೂರಲಿಲ್ಲ. ಸ್ನೇಹಲಳ ಕಣ್ಣು ಅವಳ ಕೈಯಲ್ಲಿದ್ದ ಸ್ವಂತ ಫೋನಿನ ಮೇಲೆ ಬಿತ್ತು. ಮೂಲೆಯ ಗಾಜು ಒಡೆದಿತ್ತು.

"ಇನ್ನೂ ಅದನ್ನೇ ಬಳಸ್ತಿದ್ದೀರಾ?"

"ಮಾತಾಡಾಕ ಸಾಕಾಗ್ತದ್ರಿ."

"ಎಲ್ಲರೂ ಹೀಗೇ ಅಂದ್ಕೊಂಡ್ರೆ ನಮ್ಮಂಥ ಕಂಪನಿಗಳು ಬಾಗಿಲು ಹಾಕಬೇಕಾಗುತ್ತೆ. ದೊಡ್ಡ ಊರಿನವರು ಫೋನ್ ಬದಲಿಸೋದೇ ನಿಲ್ಲಿಸಿದ್ದಾರೆ. ಮುಂದಿನ ವರ್ಷ ಹೇಗೆ ಬೆಳೀತೀರಿ ಅಂತ ಮುಂಬೈಯವರು ದಿನಾ ಕೇಳ್ತಾರೆ. ನಾನು ಈ ಗೆರೆ ತೋರಿಸ್ತೀನಿ. ಅವರಿಗೆ ಈ ಊರು ನಕ್ಷೆಯಲ್ಲಿ ಎಲ್ಲಿದೆ ಅಂತಾನೂ ಗೊತ್ತಿರ್ಲಿಲ್ಲ. ಈಗ ಊರಿನ ಹೆಸರು ಹೇಳಿದ್ರೆ ಎದ್ದು ಕೂತ್ಕೋತಾರೆ. ನೀವು ನನಗೆ ಧನ್ಯವಾದ ಹೇಳಬೇಕು."

"ಗೆರೀ ಹೊರಗಿನ ಚೀಲದಿಂದ ಹುಟ್ಟೇದ. ನೋಡಿ ಬಂದೆ."

ಸ್ನೇಹಲ್ ನಕ್ಕಳು. "ಹಳೇದು, ಹೊಸದು ಅನ್ನೋದು ಡಬ್ಬಿ ಹೇಳೋ ಮಾತು. ಈ ಜನ ಡಬ್ಬಿ ಬಿಚ್ಚುವಾಗಿನ ಮುಖ ನೋಡಿದ್ದೀರಾ? ಆ ಸಂತೋಷ ನಕಲಿಯಲ್ಲ. ಒಳಗೆ ಏನಿದೆ ಅಂತ ಅವರಿಗೆ ತಿಳಿಯೋದೂ ಇಲ್ಲ, ಬೇಕಾಗೂ ಇಲ್ಲ."

"ನನಗ ತಿಳೀತಲ್ಲವ್ವಾ," ಎಂದಳು ತುಳಜಾಬಾಯಿ. "ತಿಳಕೊಳ್ಳೂದು ಬೇಕೂ ಇತ್ತು."

ಸ್ನೇಹಲ್ ಅವಳನ್ನು ನೋಡಿದಳು. ಪೋಸ್ಟರಿನ ಮುಖವೇ ಎದುರು ನಿಂತಿದ್ದರೂ ಅವಳಿಗೆ ಗುರುತು ಸಿಗಲಿಲ್ಲ. ಕೆಲಸದವಳಿರಬೇಕು ಎಂಬಂತೆ ಕಣ್ಣು ಸರಿಸಿದಳು.

ಆ ನೋಟ ಜಯಮಾಲಾಳ ಎದೆಯಲ್ಲಿ ಕೆಂಡದಂತೆ ಕೂತಿತು. ಕಳ್ಳರನ್ನು, ಕೊಲೆಗಡುಕರನ್ನು ಅವಳು ಕಂಡಿದ್ದಳು. ಅವರಲ್ಲಿ ಹಲವರು ತಾವು ಕದ್ದ ಮನೆಯವರ ಮುಖವನ್ನು ನೆನಪಿಟ್ಟುಕೊಂಡಿರುತ್ತಿದ್ದರು. ಇವಳಿಗೆ ಅಷ್ಟು ಮರ್ಯಾದೆಯೂ ಇರಲಿಲ್ಲ.

ಅವಳು ಬ್ಯಾಗಿನಿಂದ ಫೋನ್ ತೆಗೆದು ಮೇಜಿನ ಮೇಲಿಟ್ಟಳು. "ಇದು ದತ್ತಾತ್ರಿದು. ನಿಮ್ಮ ಡಬ್ಬಿಯಾಗ ಈ ಬಾಯಾರಿಗಿ ಮಾರೀರಿ."

ಶಂಕರಲಿಂಗ ಎದ್ದು ನಿಂತ. "ಚೀಲದಾಗ ಬಂದದ್ದು ನನಗೇನ್ ಗೊತ್ತು, ಮ್ಯಾಡಮ್ಮಾರ?"

"ಚೀಲದಾಗ ಬಂದ ಫೋನಿನ ಲಾಕ್ ನಂಬರ್ ಚೀಲ ಹೇಳ್ತದೇನು?"

"ಫೋನಿನ ಬೆನ್ನಿಗಿ ಚೀಟಿ ಹಚ್ಚಿತ್ರಿ. ಎಲ್ಲಾ ಫೋನಿಗೂ ಹಚ್ಚಿರ್ತಾರ. ನನ್ನ ಮಕ್ಕಳ ಆಣಿ."

ಸ್ನೇಹಲ್ ಫೋನನ್ನು ಮುಟ್ಟದೆ ಬಗ್ಗಿ ನೋಡಿದಳು. ಮುಖದ ಬಣ್ಣ ಬದಲಾಗಲಿಲ್ಲ. "ಹೌದು, ಅವರದೇ ಇರಬಹುದು. ಅವರು ಇಲ್ಲಿಗೆ ಬಂದ ಬೆಳಿಗ್ಗೆ ನಾನೇ ಹೊಸ ಫೋನ್ ಕೊಟ್ಟಿದ್ದೆ. ನಮ್ಮ ಆಡಿಟರ್ರೇ ಸವೆದ ಫೋನ್ ಹಿಡ್ಕೊಂಡು ಓಡಾಡಿದ್ರೆ ಅಂಗಡಿಯವರು ನಗ್ತಾರೆ. ಡಬ್ಬಿ ಬಿಚ್ಚಿದ್ದೂ ಈ ಮೇಜಿನ ಮೇಲೇ. ಮರುದಿನ ಪಾಪ, ಮೆಟ್ಟಿಲು ನೋಡ್ಲಿಲ್ಲ."

"ಅವನ ಎದಿಮ್ಯಾಗ ಕೈ ಒತ್ತಿದ ಗಾಯ ಇದ್ದವು. ಮೆಟ್ಟಲಾ ಕೈ ಚಾಚೂದುಲ್ಲ."

ಜಯಮಾಲಾ ಮೇಜಿನ ಇನ್ನೂ ಹತ್ತಿರಕ್ಕೆ ಬಂದಳು.

"ಅವ ನಿಮ್ಮ ಚೀಲ ನೋಡಿದ್ದ. ಮುಂಬೈಗಿ ಹೇಳ್ತೀನಿ ಅಂದಿರಬೇಕು. ಹೌದಿಲ್ಲೋ?"

"ಹೇಳಿದ್ರೆ ನನ್ನ ನೌಕರಿ ಹೋಗ್ತಿತ್ತು. ಅಷ್ಟೇ. ನೌಕರಿಗೋಸ್ಕರ ಮನುಷ್ಯರನ್ನ ತಳ್ಳೋ ಮಟ್ಟಕ್ಕೆ ನಾನು ಇಳಿಯಲ್ಲ ಮೇಡಂ. ಇನ್ನೊಂದು ಕಂಪನಿ ನನ್ನನ್ನ ಎರಡು ಕೈ ಚಾಚಿ ಕರೆಯುತ್ತೆ. ಇಂಥ ಊರಲ್ಲಿ ಕೂತು ನಿಮಗೆ ಅದು ಅರ್ಥ ಆಗೋದಿಲ್ಲ."

"ಅರ್ಥ ಮಾಡಸ್ರಿ. ಈ ಫೋನಿನ್ಯಾಗ ಬಾಯಾರದು ಬಿಟ್ಟು ಇನ್ನೂ ಎರಡು ಬೆರಳು ಅವ. ಒಂದು ಸತ್ತವಂದು. ಇನ್ನೊಂದು ಯಾರದು ಅಂತ ಪೊಲೀಸರು ಹ್ಯಾಂಗೂ ಕೇಳ್ತಾರ. ಬಾಯಾರ, ಫೋನ್ ನಿಮ್ಮದು. ಇವರು ಬೆರಳು ಇಡಲೇನು?"

"ಇಡ್ಲಿ," ಎಂದಳು ತುಳಜಾಬಾಯಿ. "ಕೈ ತೊಳಕೊಂಡು ಇಡ್ಲಿ."

ಶಂಕರಲಿಂಗನ ಮುಖ ಸುಣ್ಣವಾಯಿತು. ಸ್ನೇಹಲ್ ಮಾತ್ರ ಬೇಸರದಿಂದ ಉಸಿರುಬಿಟ್ಟು, ಫೋನಿನ ಬದಿಯ ಗುಂಡಿಯ ಮೇಲೆ ಒಂದೊಂದಾಗಿ ಎರಡೂ ಹೆಬ್ಬೆರಳು, ತೋರುಬೆರಳು ಇಟ್ಟಳು. ಫೋನು ಮಿಸುಕಲಿಲ್ಲ. ಬೆರಳು ಗುರುತಿಸಲಾಗಲಿಲ್ಲ ಎಂದು ಪರದೆ ಹೇಳಿತು.

ಶಂಕರಲಿಂಗ ಅಂಗಿಗೆ ಕೈ ಒರೆಸಿಕೊಂಡು ಬಂದ. ಅವನದೂ ತೆರೆಯಲಿಲ್ಲ. ಉಸಿರು ಬಿಟ್ಟು ಕುರ್ಚಿಯಲ್ಲಿ ಕುಸಿದ.

"ಮುಗೀತಾ?" ಸ್ನೇಹಲ್ ಕರವಸ್ತ್ರದಿಂದ ಬೆರಳು ಒರೆಸಿಕೊಂಡಳು. "ಹಳ್ಳಿ ಜಾತ್ರೆಯ ಗಿಳಿಶಾಸ್ತ್ರ ಇದಕ್ಕಿಂತ ಚೆನ್ನಾಗಿರುತ್ತೆ."

ಜಯಮಾಲಾಳಿಗೆ ಕಿವಿ ಬಿಸಿಯಾಯಿತು. ಈ ಹೆಂಗಸಿನ ಬೆರಳಿಗೇ ಫೋನು ತೆರೆಯಬೇಕೆಂದು ತನಗೆ ಎಷ್ಟು ಆಸೆಯಿತ್ತೆಂಬುದು ಆಗ ತಿಳಿಯಿತು. ತಾತ್ಸಾರ ತಲೆಗೇರಿದರೆ ಕಣ್ಣಿಗೆ ಪೊರೆ ಬರುತ್ತದೆ. ಚೀಲದ ಕಳ್ಳತನ ಇವರದು, ಅದರಲ್ಲಿ ಎರಡು ಮಾತಿಲ್ಲ. ಸಾವು ಬೇರೆ ದಾರಿಯಿಂದ ಬಂದಿತ್ತೆ?

ಗಾಜಿನ ಬಾಗಿಲು ಸರಿಯಿತು. ಹೊರಗೆ ನಿಂತು ಬೇಸತ್ತ ಪಂಡರಿ ಒಳಗೆ ತಲೆ ಹಾಕಿದ್ದ. "ಅಕ್ಕಾರ, ಪೊಲೀಸ್ ಗಾಡಿ ಇನ್ನಾ ಬಂದಿಲ್ಲ."

ಸ್ನೇಹಲ್ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಇವರು ಯಾರು?"

"ಸತ್ತವನ ತಮ್ಮ," ಎಂದಳು ಜಯಮಾಲಾ.

"ಓ. ನನ್ನ ಸಂತಾಪ." ಊರಿಗೆ ಹೊಸಬಳು ದಾರಿಹೋಕನಿಗೆ ಹೇಳುವ ಹಾಗೆ ಹೇಳಿ ಲ್ಯಾಪ್‌ಟಾಪಿನತ್ತ ತಿರುಗಿದಳು.

ತುಳಜಾಬಾಯಿಗೆ ಅದನ್ನು ಸಹಿಸಲಾಗಲಿಲ್ಲ. ಮೇಜಿನ ಮೇಲಿನ ಫೋನನ್ನು ಎತ್ತಿ ಅವನ ಕೈಗಿಟ್ಟಳು. "ಇವರ ಒಣ ಸಂತಾಪ ಬ್ಯಾಡ ನಿನಗ, ತಮ್ಮಾ. ಇದರಾಗ ನಿಮ್ಮಣ್ಣನ ಫೋಟೋ ಅದ. ಅವನ ಪೋರಿದೂ ಅದ. ಕಣ್ಣು ತುಂಬಾ ನೋಡು."

ಪಂಡರಿ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಪರದೆ ಆರಿತ್ತು. ಅವನ ಬಲ ಹೆಬ್ಬೆರಳು ಬದಿಯ ಗುಂಡಿಯನ್ನು ಒತ್ತಿತು.

ಫೋನು ತೆರೆದುಕೊಂಡಿತು.

ಹಾರದೊಳಗಿನ ಅಣ್ಣನ ಮುಖ ಬೆಳಗಿತು. ಪಂಡರಿಯ ಕಣ್ಣಲ್ಲಿ ನೀರು ಬಂತು, ನಿಜವಾದ ನೀರು. ಅವನು ಒಂದೊಂದೇ ಚಿತ್ರ ಸರಿಸುತ್ತ ಅಣ್ಣನ ಮಗಳ ತನಕ ಹೋದ. ಆಮೇಲೆ ಎಲ್ಲರೂ ತನ್ನನ್ನೇ ನೋಡುತ್ತಿರುವುದು ಅವನಿಗೆ ಗೊತ್ತಾಯಿತು.

ತಲೆ ಎತ್ತಿದ. "ಅಕ್ಕಾರ, ಯಾಕ ಹಂಗ ನೋಡ್ತೀರಿ?"

ಸಾಯುವ ಹಿಂದಿನ ದಿನ ಇದೇ ಮೇಜಿನ ಮೇಲೆ ಡಬ್ಬಿಯಿಂದ ಬಿಚ್ಚಿದ ಫೋನು. ದೀಪಾವಳಿಯಿಂದ ಅಣ್ಣನ ಮುಖ ನೋಡಿಲ್ಲ ಎಂದ ತಮ್ಮನ ಬೆರಳು ಅದರೊಳಗಿತ್ತು.

"ನೀವ ಅವತ್ತು ಇಲ್ಲಿ ಬಂದಿದ್ರಿ," ಎಂದಳು ಜಯಮಾಲಾ. ಅವಳಿಗೆ ತನ್ನ ದನಿಯೇ ಪರಕೀಯವಾಗಿ ಕೇಳಿಸಿತು.

ಪಂಡರಿ ತನ್ನ ಹೆಬ್ಬೆರಳನ್ನು ನೋಡಿಕೊಂಡ. ಫೋನನ್ನು ನಿಧಾನವಾಗಿ ಮೇಜಿನ ಮೇಲಿಟ್ಟ. ತುಳಜಾಬಾಯಿ ಎರಡು ಹೆಜ್ಜೆ ಹಿಂದೆ ಸರಿದಳು.

"ನಾ ಹೇಳ್ತೀನಿ ಅಕ್ಕಾರ. ಎಲ್ಲಾ ಹೇಳ್ತೀನಿ," ಎಂದ. "ನನ್ನ ಬೆರಳು ಅಣ್ಣನೇ ಇದರಾಗ ಸೇರಿಸಿದ್ದ. ನಾ ಕೆಳಗ ಇಳದು ಹೋಗೋವಾಗ ಅಣ್ಣ ಜೀವಂತ ಇದ್ದ. ಮೆಟ್ಟಲದ ಮ್ಯಾಲ ಅವನ ಸಂಗಟ ನಿಂತಿದ್ದವರು..."

"ಪಂಡರಿ, ಬಾಯಿ ಮುಚ್ಚು."

ಹೇಳಿದವಳು ಸ್ನೇಹಲ್. ಲ್ಯಾಪ್‌ಟಾಪಿನಿಂದ ತಲೆ ಎತ್ತದೆ, ಮನೆಯಾಳಿಗೆ ಹೇಳುವಷ್ಟು ಸಲೀಸಾಗಿ ಹೇಳಿದ್ದಳು.

ಆಗಲೇ 'ಇವರು ಯಾರು?' ಎಂದು ಕೇಳಿದ್ದವಳೂ ಅವಳೇ. ಆ ಕೋಣೆಯಲ್ಲಿ ಅಲ್ಲಿಯವರೆಗೆ ಅವನ ಹೆಸರನ್ನು ಯಾರೂ ಹೇಳಿರಲಿಲ್ಲ.